ಖಾರಕ್ಕಿಂತ ಉಪ್ಪಿನ ಮೇಲೆ ಕಣ್ಣಿರಲಿ

ಪ್ರಶ್ನೆ: ನನಗೆ 46 ವರ್ಷ. ತಂದೆಯವರು ಜಠರದ ಕ್ಯಾನ್ಸರ್‌ನಿಂದ ತೀರಿಕೊಂಡರು. ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ ಇಲ್ಲದೆ ನನಗೆ ಊಟ ಸೇರುವುದಿಲ್ಲ. ಒಂದು ವರ್ಷದಿಂದ ಹೊಟ್ಟೆಯುರಿ. ಔಷಧಿ ಅಂಗಡಿಯಿಂದ ಗ್ಯಾಸ್ ಮಾತ್ರೆ ತಂದು ನುಂಗುತ್ತೇನೆ. ಖಾರ ತಿಂದರೆ ಕ್ಯಾನ್ಸರ್ ಬರುತ್ತದೆ ಎಂದು ಮನೆಯಲ್ಲಿ ಹೆದರಿಸುತ್ತಾರೆ. ನಿಜವೇ?
– ಹೆಸರು ಬೇಡ, ಬಸವನಗುಡಿ

ಉತ್ತರ: ಖಾರದಿಂದ ಉರಿ ಹೆಚ್ಚಬಹುದು. ಕ್ಯಾನ್ಸರ್ ಬರುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ನಿಮ್ಮ ತಟ್ಟೆಯಲ್ಲಿ ನನ್ನನ್ನು ಚಿಂತೆಗೀಡುಮಾಡುವುದು ಉಪ್ಪು. ಬಾಳಕವನ್ನೇ ನೋಡಿ: ಉಪ್ಪು ಮಜ್ಜಿಗೆಯಲ್ಲಿ ನೆನೆಸುತ್ತೇವೆ, ಒಣಗಿಸುತ್ತೇವೆ, ಉಳಿದ ಮಜ್ಜಿಗೆಗೇ ಮತ್ತೆ ಹಾಕುತ್ತೇವೆ. ನಾಲಿಗೆ ಖಾರವನ್ನು ಗುರುತಿಸುತ್ತದೆ, ಒಳಗಿಳಿದ ಉಪ್ಪು ಲೆಕ್ಕಕ್ಕೇ ಸಿಗುವುದಿಲ್ಲ. ದಿನಕ್ಕೆ 5 ಗ್ರಾಂ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಸುಮಾರು ಒಂದು ಟೀ ಚಮಚ. ಸಾರು, ಪಲ್ಯ, ಹಪ್ಪಳ ಎಲ್ಲ ಸೇರಿ ಅಷ್ಟು.

ಅತಿಯಾದ ಉಪ್ಪು ಜಠರದ ಒಳಪದರವನ್ನು ಕೆಡಿಸುತ್ತದೆ. ಅಲ್ಲಿ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಇದ್ದರೆ ಹಾನಿ ಇಮ್ಮಡಿಸುತ್ತದೆ. ಜಠರದ ಕ್ಯಾನ್ಸರ್‌ಗೆ ಬಹುದೊಡ್ಡ ಕಾರಣ ಈ ಬ್ಯಾಕ್ಟೀರಿಯಾವೇ. 1994ರಲ್ಲೇ ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಲಾಗಿದೆ. ನಮ್ಮ ದೇಶದಲ್ಲಿ ಈ ಸೋಂಕು ತೀರಾ ಸಾಮಾನ್ಯ. ಬಹುತೇಕ ಬಾಲ್ಯದಲ್ಲೇ ತಗಲಿ, ಸದ್ದಿಲ್ಲದೆ ದಶಕಗಟ್ಟಲೆ ಉರಿಯೂತ ಉಂಟುಮಾಡುತ್ತದೆ. ಸೋಂಕಿದ್ದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದಿಲ್ಲ ಎಂಬುದೂ ಅಷ್ಟೇ ನಿಜ, ಗಾಬರಿ ಬೇಡ. ಆದರೆ ತಂದೆಗೆ ಈ ಕಾಯಿಲೆ ಇದ್ದುದರಿಂದ ನಿಮ್ಮ ಅಪಾಯ ಇತರರಿಗಿಂತ ಎರಡು–ಮೂರು ಪಟ್ಟು ಹೆಚ್ಚು. ಬೀಡಿ, ಸಿಗರೇಟು ಸೇದುವವರಾದರೆ ಇನ್ನೂ ಹೆಚ್ಚು.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಕಳವಳ ತಂದದ್ದು ಆ ಮಾತ್ರೆ. ಅದು ಉರಿಯನ್ನು ಅಡಗಿಸುತ್ತದೆ. ಹುಣ್ಣೋ ಗಡ್ಡೆಯೋ ಇದ್ದರೆ ಅದನ್ನೂ ಮರೆಮಾಡಬಲ್ಲದು. ಈ ವಾರವೇ ಜೀರ್ಣಾಂಗ ತಜ್ಞರನ್ನು ಕಂಡು ಎಂಡೋಸ್ಕೋಪಿ (ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ಜಠರ ನೋಡುವ ಪರೀಕ್ಷೆ) ಮಾಡಿಸಿಕೊಳ್ಳಿ, ಮೇಲಿನ ಬ್ಯಾಕ್ಟೀರಿಯಾ ಪರೀಕ್ಷೆಯನ್ನೂ ಕೇಳಿ. ಮಾತ್ರೆಯ ವಿಷಯ ಮುಚ್ಚಿಡಬೇಡಿ: ಅದರಿಂದ ಸೋಂಕಿದ್ದರೂ ಇಲ್ಲವೆಂದು ವರದಿ ಬರಬಹುದು, ಹಾಗಾಗಿ ಎರಡು ವಾರ ಮೊದಲೇ ನಿಲ್ಲಿಸಲು ಹೇಳಬಹುದು. ಸೋಂಕು ಕಂಡುಬಂದರೆ ಸಾಮಾನ್ಯವಾಗಿ 14 ದಿನಗಳ ಆಂಟಿಬಯಾಟಿಕ್ ಚಿಕಿತ್ಸೆ; ನಡುವೆ ಬಿಡಬಾರದು, ಮುಗಿದ ಮೇಲೆ ಮರುಪರೀಕ್ಷೆ ತಪ್ಪಿಸಬಾರದು. ಒಡಹುಟ್ಟಿದವರಿದ್ದರೆ ಅವರಿಗೂ ತಿಳಿಸಿ.

ಮಲ ಕಪ್ಪಗಾಗುವುದು, ತೂಕ ಇಳಿಯುವುದು, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ನುಂಗಲು ಕಷ್ಟ, ಪದೇ ಪದೇ ವಾಂತಿ – ಇವುಗಳಲ್ಲಿ ಒಂದಿದ್ದರೂ ಅಪಾಯಿಂಟ್‌ಮೆಂಟ್‌ಗೆ ಕಾಯದೆ ನಾಳೆಯೇ ಹೊರಡಿ. ಉಪ್ಪಿನಕಾಯಿಯನ್ನು ವಾರಕ್ಕೊಮ್ಮೆ ನೆಂಚಿಕೊಳ್ಳಿ. ಉಳಿದ ದಿನ ನಿಂಬೆಹಣ್ಣು, ಸೌತೆಕಾಯಿ ಕೋಸಂಬರಿ ಇರಲಿ, ಅದಕ್ಕೂ ಉಪ್ಪು ಕಡಿಮೆ ಹಾಕಿ.