ಚಂದ್ರನ ಮೇಲೆ ಪಾರದರ್ಶಕ ಸೆರಾಮಿಕ್‌ನ ಗುಮ್ಮಟ ಕಟ್ಟಬಹುದೇ?

‘ಪಾರದರ್ಶಕ ಅಲ್ಯೂಮಿನಿಯಂ’ ಬಂದೂಕಿನ ಗುಂಡನ್ನೂ ತಡೆಯುತ್ತದಂತೆ, ಹಾಗಿದ್ದರೆ ಅದರಿಂದಲೇ ಚಂದ್ರನ ಮೇಲೆ ದೊಡ್ಡ ಗುಮ್ಮಟ ಕಟ್ಟಿ, ಒಳಗೆ ತೋಟ ಮಾಡಿಕೊಂಡು ಇರಬಾರದೇಕೆ ಎಂದು ಕೇಳಿದ್ದೀರಿ. ಗುಮ್ಮಟ ಆಗದ ಮಾತು. ಸಣ್ಣ ಕಿಟಕಿಯ ಹೊರಪದರಕ್ಕಾದರೆ ಆಗಬಹುದು. ಪೀಣ್ಯದ ಒಂದು ಸಣ್ಣ ಘಟಕದಲ್ಲಿ ಹನ್ನೊಂದು ವರ್ಷ ಸೆರಾಮಿಕ್ ಸುಟ್ಟವನು ನಾನು. ಬಾಹ್ಯಾಕಾಶಕ್ಕೆ ಏನನ್ನೂ ಕಳುಹಿಸಿಲ್ಲ, ಆದರೆ ಈ ವಸ್ತುವಿನ ಹಟ ಗೊತ್ತು.

ಮೊದಲಿಗೆ, ಅದು ಅಲ್ಯೂಮಿನಿಯಂ ಲೋಹವೇ ಅಲ್ಲ, ಪುಡಿಯನ್ನು ಸುಟ್ಟು ಮಾಡುವ ಸೆರಾಮಿಕ್. ಅಲ್ಯೂಮಿನಿಯಂ, ಆಮ್ಲಜನಕ, ಸಾರಜನಕ ಸೇರಿದ್ದು ಅಲಾನ್. ಸಾರಜನಕದ ಜಾಗದಲ್ಲಿ ಮೆಗ್ನೀಸಿಯಂ ಬಂದರೆ ಸ್ಪಿನೆಲ್. ಅಡುಗೆ ಉಪ್ಪಿಗೂ ಸೋಡಿಯಂ ಲೋಹಕ್ಕೂ ಎಷ್ಟು ನಂಟೋ, ನಿಮ್ಮ ಮನೆಯ ಅಲ್ಯೂಮಿನಿಯಂ ಪಾತ್ರೆಗೂ ಇವಕ್ಕೂ ಅಷ್ಟೇ ನಂಟು.

ಕಲ್ಲುಸಕ್ಕರೆಯ ಒಂದು ಹರಳನ್ನು ಬೆಳಕಿಗೆ ಹಿಡಿದರೆ ಆಚೆಗಿನದು ಕಾಣುತ್ತದೆ. ಅದನ್ನೇ ಕುಟ್ಟಿ ಪುಡಿ ಮಾಡಿದರೆ ಬರೀ ಬಿಳುಪು. ಸಕ್ಕರೆ ಬದಲಾಗಿಲ್ಲ, ಕಣಗಳ ನಡುವೆ ಗಾಳಿ ಸೇರಿಕೊಂಡು ಬೆಳಕನ್ನು ದಿಕ್ಕಾಪಾಲು ಮಾಡುತ್ತಿದೆ. ಸೆರಾಮಿಕ್ ಕೂಡ ಪುಡಿಯಿಂದಲೇ ಆಗುವಂಥದ್ದು. ಅಚ್ಚಿನಲ್ಲಿ ಒತ್ತಿ, ಸಾವಿರದ ಐನೂರು, ಆರುನೂರು ಡಿಗ್ರಿಯಲ್ಲಿ ಸುಟ್ಟ ಮೇಲೂ ಒಳಗೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಸಾವಿರದಲ್ಲಿ ಒಂದು ಪಾಲು ಉಳಿದರೂ ಬಿಲ್ಲೆ ಮಂಜು ಮಂಜು. ಹಳೆಯ ಹಳದಿ ಬೀದಿದೀಪಗಳು ನೆನಪಿವೆಯೇ? ಆ ಸೋಡಿಯಂ ದೀಪದ ಗಾಜಿನ ಬುರುಡೆಯೊಳಗೆ ಪೆನ್ಸಿಲ್‌ನಂತಹ ಹಾಲುಬಣ್ಣದ ಕೊಳವೆಯೊಂದು ಇರುತ್ತದೆ. ಅದು ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡಿನ ಸೆರಾಮಿಕ್. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ರಾಬರ್ಟ್ ಕೋಬಲ್ 1950ರ ದಶಕದ ಕೊನೆಯಲ್ಲಿ ಪುಡಿಗೆ ಚಿಟಿಕೆ ಮೆಗ್ನೀಷಿಯಾ (ಮೆಗ್ನೀಸಿಯಂ ಆಕ್ಸೈಡ್) ಬೆರೆಸಿದರೆ ರಂಧ್ರಗಳು ಹೊರಹೋಗುತ್ತವೆ ಎಂದು ತೋರಿಸಿದ್ದರಿಂದ ಬಂದ ವಸ್ತು. ಅಲ್ಯೂಮಿನಾದ ಹರಳು ಒಂದೊಂದು ದಿಕ್ಕಿಗೆ ಒಂದೊಂದು ರೀತಿಯಲ್ಲಿ ಬೆಳಕನ್ನು ಬಾಗಿಸುವುದರಿಂದ ಅದು ಹಾಲುಬಣ್ಣದಲ್ಲೇ ನಿಂತಿತು. ಅಲಾನ್, ಸ್ಪಿನೆಲ್‌ಗಳದ್ದು ಘನಾಕೃತಿಯ ಹರಳು, ಎಲ್ಲ ದಿಕ್ಕಿಗೂ ಒಂದೇ ನ್ಯಾಯ. ಹಾಗಾಗಿ ಅವು ಗಾಜಿನಷ್ಟೇ ತಿಳಿ.

ತಿಳಿ ಆಗಬೇಕು, ಆದರೆ ಯಾವಾಗಲೂ ಆಗುವುದಿಲ್ಲ. ನಾವು ಒಮ್ಮೆ ಅಂಗೈ ಅಗಲದ ಸ್ಪಿನೆಲ್ ಬಿಲ್ಲೆಗಳನ್ನು ಒತ್ತಡದಲ್ಲಿ ಸುಡಲು ಹೊರಗೆ ಕಳುಹಿಸಿದ್ದೆವು. ಗ್ರಾಫೈಟ್ ಕುಲುಮೆಯ ಇಂಗಾಲ ಒಳಕ್ಕೆ ಇಳಿದು, ಎಲ್ಲವೂ ಹೊಗೆ ಹಿಡಿದ ಲಾಟೀನು ಗಾಜಿನ ಬಣ್ಣಕ್ಕೆ ತಿರುಗಿ ಬಂದವು. ಉಜ್ಜಿದ ಬಿಲ್ಲೆಯ ಮೇಲೆ ನೀರು ಸವರಿ ಪತ್ರಿಕೆಯ ಮೇಲಿಟ್ಟು ಅಕ್ಷರ ಓದಿ ನೋಡುವುದು ನಮ್ಮ ರೂಢಿ. ಆ ದಿನ ತಲೆಬರಹವೂ ಕಾಣಲಿಲ್ಲ. ವಜ್ರದ ಪುಡಿಯಲ್ಲಿ ಉಜ್ಜಿದ ಮೂರು ವಾರದ ಕೂಲಿ ನೀರುಪಾಲು. ಬಿಲ್ಲೆ ದೊಡ್ಡದಾದಂತೆ ಈ ತಲೆನೋವು ಹೆಚ್ಚುತ್ತದೆ. ಸ್ಪಿನೆಲ್ ನಮ್ಮ ದೇಶದಲ್ಲೂ ಆಗುತ್ತದೆ, ಹೈದರಾಬಾದಿನ ಎಆರ್‌ಸಿಐ ಎಂಬ ಸಂಶೋಧನಾ ಕೇಂದ್ರ ತಯಾರಿಸಿ ತೋರಿಸಿದೆ.

ಈಗ ಗುಮ್ಮಟಕ್ಕೆ ಬರೋಣ. ವಿಜಯಪುರದ ಗೋಲಗುಮ್ಮಟ ನಿಂತಿರುವುದು ತನ್ನ ಭಾರದಿಂದಲೇ. ಒಂದರ ಮೇಲೊಂದು ಕೂತ ಇಟ್ಟಿಗೆ ಗಾರೆಗಳು ಹೆಚ್ಚಾಗಿ ಅದುಮಿಸಿಕೊಂಡೇ ಇರುತ್ತವೆ. ಚಂದ್ರನ ಮೇಲೆ ಲೆಕ್ಕ ತಲೆಕೆಳಗು. ಹೊರಗೆ ನಿರ್ವಾತ, ಒಳಗೆ ನಾವು ಉಸಿರಾಡುವ ಗಾಳಿ. ಹತ್ತು ಮೀಟರ್ ಅಗಲದ ಅರ್ಧಗೋಳವನ್ನು ಇಲ್ಲಿನ ವಾಯುಭಾರದ ಗಾಳಿ ಮೇಲಕ್ಕೆ ಎತ್ತುವ ಬಲ ಸುಮಾರು 800 ಟನ್. ಎರಡು ಸೆಂಟಿಮೀಟರ್ ದಪ್ಪದ ಅಲಾನ್ ಗುಮ್ಮಟ ಇಲ್ಲಿ ಹನ್ನೊಂದೂವರೆ ಟನ್ ತೂಗಿದರೆ, ಚಂದ್ರನಲ್ಲಿ ಎರಡು ಟನ್. ಅಂದರೆ ಅಲ್ಲಿನ ಗುಮ್ಮಟ ಕುಸಿಯುವುದಿಲ್ಲ, ಹಾರಿಹೋಗಲು ನೋಡುತ್ತದೆ, ಅದರ ಮೈಯೆಲ್ಲ ಎಳೆತಕ್ಕೆ ಸಿಗುತ್ತದೆ. ಸೆರಾಮಿಕ್‌ಗೆ ಅದುಮಿದರೆ ಆನೆಬಲ, ಎಳೆದರೆ ಒಂದು ಗೀರು ಸಾಕು ಸೀಳಿಕೊಳ್ಳಲು. ಗುಂಡು ತಡೆಯುವ ಗಟ್ಟಿತನ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಈಗಿರುವ ಕಿಟಕಿಗಳು ಯಾವುದರಿಂದ ಆಗಿವೆ ನೋಡಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕುಪೋಲಾ ಎಂಬ ಕಿಟಕಿಗಳ ಕೋಣೆ 2010ರಲ್ಲಿ ಹೋಯಿತು. ಏಳು ಕಿಟಕಿ, ನಡುವಿನದು 80 ಸೆಂಟಿಮೀಟರ್ ಅಗಲ. ಅದರ ಮೇಲೆ ಒಳಗಿನ ಗಾಳಿ ಸುಮಾರು ಐದು ಟನ್ ಬಲದಿಂದ ಒತ್ತುತ್ತದೆ, ದೊಡ್ಡ ಗಂಡಾನೆಯೊಂದು ನಿಂತಂತೆ. ಅಲ್ಲಿ ಹಾಕಿರುವುದು ಸ್ಫಟಿಕ ಗಾಜು (ಶುದ್ಧ ಸಿಲಿಕಾದ ಗಾಜು) ಮತ್ತು ಬೋರೋಸಿಲಿಕೇಟ್ ಗಾಜು, ಅದೂ ಪದರ ಪದರವಾಗಿ, ಹೊರಗೆ ಮುಚ್ಚುವ ಬಾಗಿಲ ಸಮೇತ. 2016ರಲ್ಲಿ ಅದರ ಒಂದು ಕಿಟಕಿಯ ಮೇಲೆ 7 ಮಿಲಿಮೀಟರ್ ಅಗಲದ ಕಲೆ ಬಿದ್ದ ಚಿತ್ರವನ್ನು ಗಗನಯಾತ್ರಿ ಟಿಮ್ ಪೀಕ್ ಹಂಚಿಕೊಂಡರು. ಹೊಡೆದದ್ದು ಬಣ್ಣದ ಚಕ್ಕೆಯೋ ಲೋಹದ ಚೂರೋ, ಕಣ್ಣಿಗೆ ಕಾಣದಷ್ಟು ಚಿಕ್ಕದು. ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗದಲ್ಲಿ ಬರುವುದರೆದುರು ವಸ್ತುವಿನ ಗಟ್ಟಿತನಕ್ಕಿಂತ ಪದರಗಳ ನಡುವಿನ ಅಂತರವೇ ಹೆಚ್ಚು ಕಾಪಾಡುತ್ತದೆ. ಶಾಖದ ವಿಷಯದಲ್ಲೂ ಸ್ಫಟಿಕ ಗಾಜೇ ಮುಂದು. ಬಿಸಿಲಿಗೆ ಅದು ಹಿಗ್ಗುವುದಕ್ಕಿಂತ ಅಲಾನ್ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಹಗಲು 120 ಡಿಗ್ರಿ, ರಾತ್ರಿ ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗೆ ಇಳಿಯುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಹಾಗಾದರೆ ಈ ಸೆರಾಮಿಕ್ ಗೆಲ್ಲುವುದು ಎಲ್ಲಿ? ಧೂಳಿನಲ್ಲಿ. ಚಂದ್ರನ ಧೂಳು ಸವೆಯದ ಗಾಜಿನ ಚೂರುಗಳಂತೆ ಚೂಪು, ಗಾಳಿಯಾಗಲಿ ನೀರಾಗಲಿ ಅದರ ಅಂಚನ್ನು ಎಂದೂ ತೇಯ್ದಿಲ್ಲ. ಅಪೋಲೊ 17ರಲ್ಲಿ ಹ್ಯಾರಿಸನ್ ಶ್ಮಿಟ್ ಅವರ ಶಿರಸ್ತ್ರಾಣದ ಬಿಸಿಲುಮರೆ ಗೀರಿ ಗೀರಿ ಕೆಲವು ಕಡೆಗೆ ನೋಡುವುದೇ ಕಷ್ಟವಾಗಿತ್ತು. ಸ್ಪಿನೆಲ್‌ನ ತೆಳು ಹೊರಪದರ ಅಂಥ ಧೂಳಿನ ಗೀರನ್ನು ತಾಳಿಕೊಳ್ಳುತ್ತದೆ. ಒತ್ತಡವನ್ನು ಒಳಗಿನ ಗಾಜು ಹೊರಲಿ, ಹೊರಗಿನದು ಗೀರಿದರೆ ಬಿಚ್ಚಿ ಬೇರೆಯದನ್ನು ಹಾಕಿದರಾಯಿತು. ವಾಹನದ ಕ್ಯಾಮೆರಾ ಕಿಂಡಿ, ಅವಕೆಂಪು ಸಂವೇದಕ, ಲೇಸರ್ ಸಂವಹನದ ಕಿಂಡಿ ಇವೂ ಇದರ ಜಾಗಗಳೇ.

ಇನ್ನು ತೋಟ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳಿಗೆ ಈ ಸೆರಾಮಿಕ್ ದೊಡ್ಡ ಅಡ್ಡಿಯಲ್ಲ. ಅವುಗಳಿಂದ ಉಳಿಯಲು ನೀರು, ಪಾಲಿಥಿನ್ ಅಥವಾ ಛಾವಣಿಯ ಮೇಲೆ ಕೆಲವು ಮೀಟರ್ ಮಣ್ಣು ಬೇಕು. ಆದ್ದರಿಂದ ಮನೆ ನೆಲದಡಿಗೇ ಹೋಗುತ್ತದೆ. ಆಗ ಬೆಳಕು ದೀಪದ್ದು. ಇಲ್ಲಿ ಮಾತ್ರ ನಮ್ಮ ಸೆರಾಮಿಕ್ ಹಿಂಬಾಗಿಲಿನಿಂದ ಒಳಗೆ ಬರುತ್ತದೆ: ಸೀರಿಯಂ ಬೆರೆಸಿದ ಯಾಗ್ ಎಂಬ ಇನ್ನೊಂದು ಪಾರದರ್ಶಕ ಸೆರಾಮಿಕ್ ನೀಲಿ ಬೆಳಕಿನ ಒಂದು ಪಾಲನ್ನು ನುಂಗಿ ಹಳದಿಯನ್ನು ಉಗುಳುತ್ತದೆ, ಉಳಿದ ನೀಲಿಯೂ ಹಳದಿಯೂ ಸೇರಿ ಬಿಳಿ. ಬಿಸಿಗೆ ಬಣ್ಣಗೆಡುವುದಿಲ್ಲ. ನಿಮ್ಮ ಟೊಮ್ಯಾಟೊ ಗಿಡಗಳ ಮೇಲೆ ಅಂಥ, ಅಂಗಿಯ ಗುಂಡಿ ಗಾತ್ರದ ಬಿಲ್ಲೆಗಳನ್ನು ಸಾಲಾಗಿ ತೂಗುಹಾಕಬಹುದು. ಅಂಗೈ ಅಗಲದ್ದಕ್ಕಿಂತ ಅವನ್ನು ಸುಡುವುದೂ ಸುಲಭ.