ಮೈನಸ್ 46 ಡಿಗ್ರಿಯ ಪೈಪ್‌ಲೈನಿಗೆ ಮಾಮೂಲಿ ಉಕ್ಕಿನ ವಾಲ್ವ್ ಯಾಕೆ ಆಗಲ್ಲ?

ಮಾಮೂಲಿ ಡಬ್ಲ್ಯೂಸಿಬಿ ದರ್ಜೆಯ ಉಕ್ಕಿನ ಎರಕದ ವಾಲ್ವನ್ನು ಸಾಮಾನ್ಯವಾಗಿ ಮೈನಸ್ 29 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಬಳಸುತ್ತಾರೆ. ಮೈನಸ್ 46ಕ್ಕೆ ತಣ್ಣನೆಯ ಕೆಲಸಕ್ಕೆಂದೇ ಇರುವ ಎಲ್‌ಸಿಬಿ ಅಥವಾ ಎಲ್‌ಸಿಸಿ ದರ್ಜೆಯ ಉಕ್ಕಿನದ್ದು ತಗೊಳ್ಳಿ.

ಬೆಚ್ಚಗಿದ್ದಾಗ ಪೆಟ್ಟು ಬಿದ್ದರೆ ಬಾಗುವ ಉಕ್ಕು, ತೀರಾ ತಣ್ಣಗಾದರೆ ಗಾಜಿನ ಹಾಗೆ ಫಟ್ಟನೆ ಒಡೆಯುತ್ತದೆ. ಮುನ್ಸೂಚನೆಯೇ ಇರೋದಿಲ್ಲ, ಭಯ ಅದೇ ಅಲ್ವಾ? ಅದಕ್ಕೇ ಚಾರ್ಪಿ ಪರೀಕ್ಷೆ. 10 ಮಿ.ಮೀ. ಚೌಕದ ತುಂಡಿಗೆ ನಡುವೆ ಕಚ್ಚು ಹಾಕಿ, ಮೈನಸ್ 46ಕ್ಕೆ ತಣಿಸಿ, ತೂಗುವ ಸುತ್ತಿಗೆಯಿಂದ ಹೊಡೆಯುತ್ತಾರೆ. ತುಂಡು ಮುರಿಯುವಾಗ ಎಷ್ಟು ಶಕ್ತಿ ಹೀರಿತು ಎಂದು ಅಳೆಯುತ್ತಾರೆ; ಎಲ್‌ಸಿಸಿ ಆದರೆ ಮೂರು ತುಂಡುಗಳ ಸರಾಸರಿ ಕನಿಷ್ಠ 20 ಜೂಲ್ ಇರಬೇಕು.

ಸರ್ಟಿಫಿಕೇಟ್ ಇದೆ ಅಂತ ಸುಮ್ನೆ ಒಪ್ಪಬೇಡಿ. ಇಎನ್ 10204 ಎಂಬ ಯುರೋಪಿನ ಮಾನದಂಡದ 3.1 ಪತ್ರವನ್ನೇ, ಅಂದರೆ ಪರೀಕ್ಷೆಯ ಫಲಿತಾಂಶ ಇರುವ ತಯಾರಕರ ಪ್ರಮಾಣಪತ್ರವನ್ನೇ ಕೇಳಿ. ಅದರಲ್ಲಿರುವ ಹೀಟ್ ನಂಬರ್, ಅಂದರೆ ಆ ಸಲ ಕರಗಿಸಿದ ಉಕ್ಕಿನ ಗುರುತು, ವಾಲ್ವಿನ ಮೈಮೇಲೂ ಇದೆಯಾ ಎಂದು ಕಣ್ಣಾರೆ ತಾಳೆ ನೋಡಿ.