ಮೊದಲು ಓಡಿದ್ದೇ ದಂಡ ಕಟ್ಟಿತು: ಮೆಮ್‌ಕಾಪಿಯ ವೇಗ ಅಳೆಯುವ ಬಗೆ

ಪ್ರಶ್ನೆ: ಹಿಂಜವಡಿಯ ಕಚೇರಿಯೊಂದರಲ್ಲಿ ಬಿಲ್ಲಿಂಗ್ ತಂತ್ರಾಂಶ ಬರೆಯುವ ತಂಡದಲ್ಲಿದ್ದೇನೆ. ಲಿನಕ್ಸ್, ಸಿ ಭಾಷೆ. ಬಿಲ್ಲುಗಳು ಮರಾಠಿಯಲ್ಲೂ ಕನ್ನಡದಲ್ಲೂ ಮುದ್ರಣವಾಗುತ್ತವೆ. ಸಮಯದ ದೊಡ್ಡ ಪಾಲು ಮೆಮೊರಿ ಮತ್ತು ಸ್ಟ್ರಿಂಗ್ ಫಂಕ್ಷನ್‌ಗಳಲ್ಲಿ ಹೋಗುತ್ತಿದೆ ಎಂದು ಪ್ರೊಫೈಲರ್ ತೋರಿಸಿತು. ಅದಕ್ಕಾಗಿ ಎವಿಎಕ್ಸ್2 (ಹಲವು ಬೈಟುಗಳನ್ನು ಒಟ್ಟಿಗೆ ಸಾಗಿಸುವ ಪ್ರೊಸೆಸರ್ ಸೂಚನೆಗಳು) ಬಳಸಿ, ಮೆಮೊರಿಯ ಒಂದು ಜಾಗದಿಂದ ಇನ್ನೊಂದಕ್ಕೆ ಬೈಟುಗಳನ್ನು ನಕಲಿಸುವ ಮೆಮ್‌ಕಾಪಿ ಫಂಕ್ಷನ್ನನ್ನು ನಾನೇ ಬರೆದೆ. 64 ಎಂಬಿಯ ಎರಡು ಬಫರ್‌ಗಳನ್ನು ಮೆಮೊರಿ ಒದಗಿಸುವ ಫಂಕ್ಷನ್ ಮಲ್ಲಾಕ್‌ನಿಂದ ಪಡೆದು, 256 ಬೈಟಿನ ತುಂಡುಗಳಾಗಿ ನಕಲಿಸಿ, ಮೊದಲು ಲೈಬ್ರರಿಯದ್ದನ್ನೂ ಆಮೇಲೆ ನನ್ನದನ್ನೂ ಅಳೆದೆ. ನನ್ನದು ಮೂರು ಪಟ್ಟು ವೇಗ! ಆದರೆ ತಂತ್ರಾಂಶಕ್ಕೆ ಸೇರಿಸಿದ ಮೇಲೆ ಏನೂ ಬದಲಾಗಿಲ್ಲ, ಕೆಲವು ದಿನ ನಿಧಾನವೇ ಆಗಿದೆ. ಎಲ್ಲಿ ತಪ್ಪಿದೆ?
— ಓದುಗರೊಬ್ಬರು, ವಾಕಡ್, ಪುಣೆ

ಉತ್ತರ: ನೀವು ಕಳುಹಿಸಿದ ಕೋಡನ್ನು ಎರಡು ಸಲ ಓದಿದೆ. ನಿಮ್ಮ ಮೆಮ್‌ಕಾಪಿಯಲ್ಲಿ ತಪ್ಪಿಲ್ಲ, ಅಚ್ಚುಕಟ್ಟಾಗಿಯೇ ಬರೆದಿದ್ದೀರಿ. ತಪ್ಪಿರುವುದು ಅಳತೆಯಲ್ಲಿ.

ಲಿನಕ್ಸ್‌ನಲ್ಲಿ ಮಲ್ಲಾಕ್ 64 ಎಂಬಿ ಕೊಟ್ಟಿತು ಎಂದರೆ ಜಾಗ ಕೊಡುವ ಮಾತು ಕೊಟ್ಟಿತು ಎಂದಷ್ಟೇ ಅರ್ಥ. ಮೆಮೊರಿಯನ್ನು ಹಂಚುವುದು ಪುಟವೆಂಬ ತುಂಡುಗಳಲ್ಲಿ; ನಿಜವಾದ ಮೆಮೊರಿ ಸಿಗುವುದು ಒಂದೊಂದು ಪುಟಕ್ಕೂ ಮೊದಲ ಸಲ ಬರೆದಾಗ. ಪುಟಕ್ಕೆ 4 ಕೆಬಿಯಂತೆ 64 ಎಂಬಿಗೆ 16,384 ಪುಟಗಳು. ಅಷ್ಟೂ ಸಲ ಪ್ರೊಸೆಸರ್ ನಿಮ್ಮ ಕೆಲಸವನ್ನು ನಿಲ್ಲಿಸಿ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಹೋಗಬೇಕು. ಕರ್ನಲ್ ಖಾಲಿ ಪುಟ ಹುಡುಕಿ, ಸೊನ್ನೆ ತುಂಬಿ, ಜೋಡಿಸಿ ಕೊಡಬೇಕು. ಈ ದಂಡವನ್ನೆಲ್ಲ ಮೊದಲು ಓಡಿದ ಲೈಬ್ರರಿಯ ಮೆಮ್‌ಕಾಪಿ ಕಟ್ಟಿತು. ಎರಡನೆಯದಾಗಿ ಬಂದ ನಿಮ್ಮದಕ್ಕೆ ಸಿದ್ಧವಾದ ದಾರಿ ಸಿಕ್ಕಿತು. ಸರದಿಯನ್ನು ಅದಲುಬದಲು ಮಾಡಿ ಓಡಿಸಿ ನೋಡಿ: ಈಗ ಗೆಲ್ಲುವುದು ಲೈಬ್ರರಿ.

ಮೂಲ ಬಫರ್‌ನ ಕಥೆ ಇನ್ನೂ ಸೂಕ್ಷ್ಮ. ಅದಕ್ಕೆ ನೀವು ಏನನ್ನೂ ಬರೆದಿಲ್ಲ, ಬರೀ ಓದಿದ್ದೀರಿ. ಬರೆಯದ ಪುಟವನ್ನು ಓದಿದರೆ ಕರ್ನಲ್ ಹೊಸ ಮೆಮೊರಿ ಕೊಡುವುದಿಲ್ಲ; ತನ್ನ ಬಳಿಯಿರುವ ಒಂದೇ ಒಂದು ಸೊನ್ನೆಯ ಪುಟವನ್ನು ಎಲ್ಲ ಕಡೆಗೂ ತೋರಿಸುತ್ತದೆ. 64 ಎಂಬಿ ಓದಿದೆನೆಂದು ನೀವು ತಿಳಿದಿರಿ, ಓದಿದ್ದು ಅದೇ ಪುಟವನ್ನು ಮತ್ತೆ ಮತ್ತೆ, ಅದೂ ಪ್ರೊಸೆಸರ್‌ಗೆ ಅತಿ ಹತ್ತಿರವಿರುವ ಕ್ಯಾಶ್ ಎಂಬ ಸಣ್ಣ, ವೇಗದ ಮೆಮೊರಿಯಿಂದ. ಭಾನುವಾರ ನಸುಕಿನಲ್ಲಿ ಡೊಂಬಿವಿಲಿಯಿಂದ ದಾದರಿಗೆ ಹೋಗಿ, ಸೋಮವಾರದ ಎಂಟೂವರೆಯ ಮುಂಬೈ ಲೋಕಲ್ ರೈಲಿನ ಪ್ರಯಾಣವೂ ಹೀಗೇ ಎಂದು ಹೇಳಿದಂತೆ. ಡೊಂಬಿವಿಲಿಯಲ್ಲೇ ಇಪ್ಪತ್ತು ವರ್ಷ ಕಳೆದಿರುವ ನನಗೆ ಈ ಎರಡರ ಅಂತರ ಚೆನ್ನಾಗಿ ಗೊತ್ತು. ಅಳತೆ ಶುರುವಾಗುವ ಮುನ್ನ ಎರಡೂ ಬಫರ್‌ಗಳಿಗೆ ಏನಾದರೂ ಬರೆಯಿರಿ, ಸೊನ್ನೆಯಲ್ಲದ್ದನ್ನು.

ಇನ್ನು ಆ 256. ಅದು ಕಂಪೈಲ್ ಹೊತ್ತಿಗೇ ಗೊತ್ತಿರುವ ಸಂಖ್ಯೆ. ನಿಮ್ಮ ಫಂಕ್ಷನ್ ಅದೇ ಕಡತದಲ್ಲಿರುವುದರಿಂದ ಕಂಪೈಲರ್ ಅದನ್ನು ಲೂಪಿನೊಳಗೇ ಹರಡಿ, ಎಷ್ಟು ಬೈಟು ಎಂದು ಕೇಳಿ ದಾರಿ ಆರಿಸುವ ಕವಲುಗಳನ್ನೆಲ್ಲ ಅಳಿಸಿಹಾಕಿದೆ. ಬಿಲ್ಲಿಂಗ್‌ನಲ್ಲಿ ಒಮ್ಮೆ 7 ಬೈಟು, ಒಮ್ಮೆ 40, ಒಮ್ಮೆ 900. ಅಲ್ಲಿ ಪ್ರೊಸೆಸರ್ ಕವಲನ್ನು ಊಹಿಸಿ ಸೋಲುವ ಬೆಲೆಯೇ ನಕಲಿನ ಬೆಲೆಗಿಂತ ಹೆಚ್ಚು. ನಿಮ್ಮ ಉದ್ದುದ್ದ ಬಿಚ್ಚಿದ ಲೂಪು ಸೂಚನೆಗಳ ಕ್ಯಾಶ್‌ನಲ್ಲಿ ಬೇರೆಯವರ ಜಾಗವನ್ನೂ ತಿನ್ನುತ್ತದೆ. ಕೆಲವು ದಿನ ನಿಧಾನವಾಗುವುದಕ್ಕೆ ಅದೂ ಕಾರಣವಾಗಿರಬಹುದು. ಇಷ್ಟಕ್ಕೂ ಗ್ನೂ ಸಿ ಲೈಬ್ರರಿಯಲ್ಲಿ ಮೆಮ್‌ಕಾಪಿ ಒಂದಲ್ಲ, ಹಲವು. ಪ್ರೋಗ್ರಾಂ ಮೆಮೊರಿಗೆ ಬರುವಾಗಲೇ ಪ್ರೊಸೆಸರ್ ಯಾವುದೆಂದು ನೋಡಿ ತಕ್ಕದ್ದನ್ನು ಆರಿಸುತ್ತದೆ. ನೀವು ಸೋಲಿಸಲು ಹೊರಟದ್ದು ಎವಿಎಕ್ಸ್ ಬಲ್ಲ ಎದುರಾಳಿಯನ್ನೇ.

ಸರಿಯಾಗಿ ಅಳೆಯಬೇಕಾದರೆ ಮೊದಲು ನಿಮ್ಮ ತಂತ್ರಾಂಶವನ್ನೇ ಕೇಳಿ. ಮೆಮ್‌ಕಾಪಿಗೆ ಒಂದು ಸಣ್ಣ ಹೊದಿಕೆ ಬರೆದು, ಲೈಬ್ರರಿಯದಕ್ಕಿಂತ ಮೊದಲು ನಿಮ್ಮದು ಸಿಗುವಂತೆ ಮಾಡುವ ಎಲ್‌ಡಿ ಪ್ರೀಲೋಡ್ ಮೂಲಕ ಸೇರಿಸಿ, ಒಂದು ಇಡೀ ದಿನದ ಬಿಲ್ಲುಗಳಿಗೆ ಎಷ್ಟು ಬೈಟಿನ ಕರೆ ಎಷ್ಟು ಸಲ ಬಂತೆಂದು ಎಣಿಸಿ. ಆ ಹಂಚಿಕೆಯಿಂದಲೇ ಗಾತ್ರಗಳ ಪಟ್ಟಿಯೊಂದನ್ನು ಕಲಸಿ ಮೊದಲೇ ತಯಾರಿಸಿ, ವಿಳಾಸಗಳನ್ನೂ ಹಾಗೆಯೇ ಚದುರಿಸಿ, ಎರಡೂ ಫಂಕ್ಷನ್‌ಗಳನ್ನು ಬೇರೆ ಕಡತದಿಂದ ಕರೆದು ಓಡಿಸಿ. ಟಾಸ್ಕ್‌ಸೆಟ್ ಎಂಬ ಲಿನಕ್ಸ್ ಆದೇಶದಿಂದ ಪ್ರೊಸೆಸರ್‌ನ ಒಂದೇ ಕೋರ್‌ಗೆ ಕಟ್ಟಿಹಾಕಿ. ಪ್ರೊಸೆಸರ್‌ನ ವೇಗ ಏರಿಳಿಯದಂತೆ ನೋಡಿಕೊಳ್ಳಿ. ಹತ್ತಾರು ಸಲ ಓಡಿಸಿ ಸರಾಸರಿಯ ಬದಲು ನಡುವಿನ ಮೌಲ್ಯ (ಮೀಡಿಯನ್) ತೆಗೆದುಕೊಳ್ಳಿ. ನಡುವೆ ಬಂದ ಒಂದೇ ಒಂದು ಅಡಚಣೆ ಸರಾಸರಿಯನ್ನು ಕೆಡಿಸಿಬಿಡುತ್ತದೆ.

ಆದರೆ ನನ್ನನ್ನು ಕಾಡಿದ್ದು ನೀವು ಪ್ರಶ್ನೆಯಲ್ಲಿ ಹೇಳದ, ಕೋಡಿನಲ್ಲಿರುವ ಎರಡು ಸಾಲುಗಳು. ಊರಿನ ಹೆಸರನ್ನು 4,096 ಬೈಟಿನ ಬಫರ್‌ಗೆ ಸ್ಟ್ರ್‌ಎನ್‌ಕಾಪಿಯಿಂದ (ಹೇಳಿದಷ್ಟು ಬೈಟಿನ ಮಿತಿಯಲ್ಲಿ ಸ್ಟ್ರಿಂಗ್ ನಕಲಿಸುವ ಫಂಕ್ಷನ್) ಹಾಕುತ್ತಿದ್ದೀರಿ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ (ಅಕ್ಷರ, ಸ್ವರಚಿಹ್ನೆ, ಸೊನ್ನೆ, ಹಲಂತ ಒಂದೊಂದಕ್ಕೂ) 3 ಬೈಟು, ದೇವನಾಗರಿಗೂ ಅಷ್ಟೇ. ‘ಪಿಂಪ್ರಿ’ ಎಂದರೆ ಏಳು ಸಂಕೇತ, 21 ಬೈಟು. ಸ್ಟ್ರ್‌ಎನ್‌ಕಾಪಿ ಅದನ್ನು ನಕಲಿಸಿ ಸುಮ್ಮನಾಗುವುದಿಲ್ಲ, ಉಳಿದ 4,075 ಬೈಟುಗಳಿಗೂ ಸೊನ್ನೆ ತುಂಬುತ್ತದೆ. ಪ್ರತಿ ಬಿಲ್ಲಿಗೂ, ಪ್ರತಿ ಹೆಸರಿಗೂ! ಮುಂದೆ ಅದೇ ಹೆಸರು 16 ಬೈಟಿನ ಜಾಗಕ್ಕೆ ಹೋಗುವಾಗ ಆಗುವುದು ಇದಕ್ಕಿಂತ ಕೆಟ್ಟದ್ದು. ಐದು ಸಂಕೇತಗಳಿಗೆ 15 ಬೈಟು, ಹದಿನಾರನೆಯದರಲ್ಲಿ ‘ರ’ದ ಮೊದಲ ಬೈಟು ಮಾತ್ರ; ಕೊನೆಯಲ್ಲಿರಬೇಕಾದ ಸೊನ್ನೆಗೆ ಜಾಗವೇ ಇಲ್ಲ. ನಿಮ್ಮ ಗ್ರಾಹಕರ ಊರಿನ ಹೆಸರು ಮುರಿದು ಮುದ್ರಣವಾಗುವುದು ವೇಗಕ್ಕಿಂತ ದೊಡ್ಡ ಚಿಂತೆ. ಇದನ್ನು ಈ ವಾರವೇ ಸರಿಪಡಿಸಿ.

ಎರಡನೆಯ ಸಾಲು, ಲೂಪಿನ ಷರತ್ತಿನಲ್ಲೇ ಕುಳಿತಿರುವ, ಸ್ಟ್ರಿಂಗ್‌ನ ಉದ್ದ ಎಣಿಸುವ ಸ್ಟ್ರ್‌ಲೆನ್. ಲೂಪಿನೊಳಗೆ ಆ ಸ್ಟ್ರಿಂಗನ್ನು ತಿದ್ದುತ್ತಿದ್ದೀರಾದ್ದರಿಂದ ಕಂಪೈಲರ್‌ಗೆ ಅದನ್ನು ಹೊರಗೆಳೆಯಲು ಆಗುವುದಿಲ್ಲ. ಪ್ರತಿ ಸುತ್ತಿಗೂ ಉದ್ದವನ್ನು ಮೊದಲಿನಿಂದ ಎಣಿಸುತ್ತದೆ. 2021ರಲ್ಲಿ ಜಿಟಿಎ ಆನ್‌ಲೈನ್ ಆಟ ತೆರೆಯಲು ನಿಮಿಷಗಟ್ಟಲೆ ಹಿಡಿಯುವುದೇಕೆಂದು ಹೊರಗಿನ ಪ್ರೋಗ್ರಾಮರ್ ಒಬ್ಬರು ಬಗೆದಾಗ ಸಿಕ್ಕಿದ ಕಾರಣಗಳಲ್ಲಿ ಒಂದು ಇಂಥದ್ದೇ: ಸುಮಾರು 10 ಎಂಬಿ ಪಠ್ಯವನ್ನು ಓದುವಾಗ ಪ್ರತಿ ತುಣುಕಿಗೂ ಪಠ್ಯದಿಂದ ಮೌಲ್ಯ ಓದುವ ಎಸ್‌ಸ್ಕ್ಯಾನ್‌ಎಫ್ ಒಳಗಿನ ಸ್ಟ್ರ್‌ಲೆನ್ ಉಳಿದುದೆಲ್ಲವನ್ನೂ ಎಣಿಸುತ್ತಿತ್ತು. ಅಲ್ಲಿ ಸ್ಟ್ರ್‌ಲೆನ್‌ನ ವೇಗ ಹೆಚ್ಚಿಸಿ ಏನೂ ಪ್ರಯೋಜನವಿರಲಿಲ್ಲ. ಉದ್ದವನ್ನು ಒಮ್ಮೆ ಎಣಿಸಿ, ಸ್ಟ್ರಿಂಗ್‌ನ ಪಕ್ಕದಲ್ಲೇ ಇಟ್ಟುಕೊಳ್ಳಿ; ಆಮೇಲೆ ನಕಲಿಗೆ ಲೈಬ್ರರಿಯ ಮೆಮ್‌ಕಾಪಿ ಸಾಕು. ಹೊಸ ಅಂಕಿಗಳು ಬಂದ ಮೇಲೆ ನನಗೂ ಬರೆಯಿರಿ.

ಪ್ರಶ್ನೆ: ಒಂದೇ ಬಫರಿನೊಳಗೆ ಮಾಹಿತಿಯನ್ನು ನಾಲ್ಕು ಬೈಟು ಹಿಂದಕ್ಕೆ ಸರಿಸಲು ಮೆಮ್‌ಕಾಪಿ ಬಳಸುತ್ತೇನೆ. ವರ್ಷಗಳಿಂದ ತೊಂದರೆಯಿಲ್ಲ. ಹೀಗೆ ಒಂದರ ಮೇಲೊಂದು ಹಾಯುವ ಜಾಗಗಳಿಗೆಂದೇ ಇರುವ ಮೆಮ್‌ಮೂವ್ ನಿಧಾನವೆಂದು ಕೇಳಿದ್ದೇನೆ, ನಿಜವೇ?
— ಓದುಗರೊಬ್ಬರು, ಮಡಗಾಂವ್, ಗೋವಾ

ಉತ್ತರ: ನಿಜವಲ್ಲ. ಇಂದಿನ 64 ಬಿಟ್ ಇಂಟೆಲ್ ಯಂತ್ರಗಳಲ್ಲಿ ಗ್ನೂ ಸಿ ಲೈಬ್ರರಿಯ ಮೆಮ್‌ಕಾಪಿ, ಮೆಮ್‌ಮೂವ್ ಎರಡಕ್ಕೂ ಬಹುಪಾಲು ಒಂದೇ ಕೋಡ್. ಒಂದರ ಮೇಲೊಂದು ಹಾಯುವ ಜಾಗಗಳಿಗೆ ಮೆಮ್‌ಕಾಪಿ ಬಳಸಿದರೆ ಏನಾಗುತ್ತದೆಂದು ಸಿ ಭಾಷೆ ಯಾವ ಭರವಸೆಯನ್ನೂ ಕೊಡುವುದಿಲ್ಲ. 2010ರಲ್ಲಿ ಲಿನಕ್ಸ್ ವಿತರಣೆಯಾದ ಫೆಡೋರಾ 14 ಬಂದಾಗ ಬ್ರೌಸರ್‌ನ ಫ್ಲ್ಯಾಶ್ ಪ್ಲಗಿನ್‌ನ ಧ್ವನಿ ಗರಗರ ಎನ್ನತೊಡಗಿತು. ವೇಗಕ್ಕಾಗಿ ಕೆಲವು ಪ್ರೊಸೆಸರ್‌ಗಳಲ್ಲಿ ಮೆಮ್‌ಕಾಪಿ ಕೊನೆಯಿಂದ ಮೊದಲಿಗೆ ನಕಲಿಸತೊಡಗಿತ್ತು, ಪ್ಲಗಿನ್ ನಿಮ್ಮಂತೆಯೇ ಅದು ಮೊದಲಿನಿಂದ ಕೊನೆಗೇ ನಕಲಿಸುತ್ತದೆಂದು ನಂಬಿಕೊಂಡಿತ್ತು. ಮೆಮ್‌ಮೂವ್‌ಗೆ ಬದಲಾಯಿಸಿ, ಮೆಮೊರಿಯ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಜೊತೆ ಒಮ್ಮೆ ಕಂಪೈಲ್ ಮಾಡಿ ಪರೀಕ್ಷೆಗಳನ್ನೆಲ್ಲ ಓಡಿಸಿ. ಇಂಥ ಬೇರೆ ಕರೆಗಳು ಆ ಹಾದಿಯಲ್ಲಿ ಬಂದರೆ ಅದು ಸಾಲಿನ ಸಂಖ್ಯೆಯ ಸಮೇತ ತೋರಿಸುತ್ತದೆ.